ನಿರೀಕ್ಷೆಯುಳ್ಳವರ ದುಃಖ

ಓದತಕ್ಕ ವೇದಭಾಗ: 1 ಥೆಸಲೊನೀಕ 4ನೇ ಅಧ್ಯಾಯ, 13ರಿಂದ 18ನೇ ವಚನಗಳು



ಅಪೊಸ್ತಲನಾದ ಪೌಲನ ಪತ್ರಿಕೆಗಳಲ್ಲಿ ನಮ್ಮ ಹಳ್ಳಿಯ ಸಭೆಗಳ ಸ್ಥಿತಿಗೆ ಬಹಳ ಸಮೀಪವಾದದ್ದು ಯಾವದೆಂದು ಯಾರಾದರೂ ನಮ್ಮನ್ನು ಕೇಳಿದರೆ, ಥೆಸಲೊನೀಕದವರಿಗೆ ಬರೆದ ಮೊದಲನೆಯ ಪತ್ರಿಕೆಯನ್ನೇ ನಾವು ತೋರಿಸುವೆವು. ಆ ಪಟ್ಟಣವೇನೋ ಹಳ್ಳಿಯಲ್ಲ. ಮಕೆದೋನ್ಯ ಸೀಮೆಯ ಮುಖ್ಯಪಟ್ಟಣ, ಹಡಗುಗಳು ಬಂದು ನಿಲ್ಲುವ ರೇವು, ರೋಮಾಯರ ಹೆದ್ದಾರಿಯ ಮೇಲಿನ ಪೇಟೆ. ಆದರೆ ಅಲ್ಲಿಯ ಸಭೆಯು ನಮ್ಮಂಥದೇ. ಅದರಲ್ಲಿದ್ದವರು ವಿಗ್ರಹಗಳನ್ನು ಬಿಟ್ಟು ಜೀವವುಳ್ಳ ದೇವರ ಕಡೆಗೆ ತಿರುಗಿಕೊಂಡು ಬಹು ಕಾಲವಾಗಿರಲಿಲ್ಲ. ತಮ್ಮ ಕೈಗಳಿಂದ ದುಡಿದು ಉಣ್ಣುವವರು. ಸ್ವಂತ ಊರಿನವರಿಂದಲೇ ಹಿಂಸೆಯನ್ನು ತಾಳಿದವರು. ಅವರಿಗೆ ಸುವಾರ್ತೆಯನ್ನು ತಂದವನು ಗಲಭೆಯ ನಿಮಿತ್ತ ರಾತ್ರಿಯಲ್ಲಿ ಊರು ಬಿಟ್ಟು ಬೆರೋಯಕ್ಕೆ ಹೋಗಬೇಕಾಯಿತು. ಕಲಿಸಬೇಕಾದದ್ದನ್ನೆಲ್ಲಾ ಕಲಿಸುವದಕ್ಕೆ ಸಮಯವು ಸಿಕ್ಕಲಿಲ್ಲ. ಹೀಗೆ ಅರ್ಧ ಕಲಿತ ಸಭೆಯ ಬಾಗಿಲಿಗೆ ಮರಣವು ಬಂತು.

ಸತ್ತವರು ಎಷ್ಟು ಮಂದಿ, ಮುದುಕರೋ ಕೂಸುಗಳೋ, ಜ್ವರದಿಂದ ಸತ್ತರೋ ಹಿಂಸೆಯಿಂದ ಸತ್ತರೋ, ಪತ್ರಿಕೆಯು ಹೇಳುವದಿಲ್ಲ. ಇಷ್ಟು ಮಾತ್ರ ತಿಳಿದುಬರುತ್ತದೆ: ಕರ್ತನು ಬೇಗನೆ ಬರುವನೆಂದು ಎಲ್ಲರೂ ಕಾದಿದ್ದರು, ಆತನು ಬರುವದಕ್ಕೆ ಮುಂಚೆಯೇ ಕೆಲವರು ತೀರಿಹೋದರು. ಉಳಿದವರಿಗೆ ದಿಗಿಲು ಹುಟ್ಟಿತು. ಜಾತ್ರೆಗೆ ಹೋಗುವ ಬಂಡಿಯು ಹೊರಡುವ ಮುನ್ನವೇ ನಿದ್ದೆಹೋದ ಮಗುವನ್ನು ಮನೆಯಲ್ಲಿ ಬಿಟ್ಟುಹೋದ ಹಾಗೆ, ನಮ್ಮವರು ಹಿಂದೆ ಉಳಿದರಲ್ಲಾ, ಕರ್ತನ ದಿನದಲ್ಲಿ ಅವರಿಗೆ ಪಾಲಿಲ್ಲವೇ ಎಂದು ಅವರು ಕಳವಳಪಟ್ಟರು. ತಿಮೊಥೆಯನು ಅಲ್ಲಿಗೆ ಹೋಗಿ ಬಂದು ಈ ಸಂಗತಿಯನ್ನು ಪೌಲನಿಗೆ ತಿಳಿಸಿರಬೇಕು. ಆಗ ಪೌಲನು ಕೊರಿಂಥದಲ್ಲಿದ್ದನು. ಅವನು ಅಲ್ಲಿದ್ದಾಗ ಅಖಾಯಕ್ಕೆ ಅಧಿಪತಿಯಾಗಿದ್ದ ಗಲ್ಲಿಯೋನನ ಹೆಸರಿರುವ ಒಂದು ಕಲ್ಲಿನ ಶಾಸನವು ಗ್ರೀಸ್ ದೇಶದ ಡೆಲ್ಫಿ ಎಂಬ ಊರಲ್ಲಿ ದೊರಕಿರುವದರಿಂದ, ಕಾಲವನ್ನು ಸುಮಾರಾಗಿ ಗೊತ್ತುಮಾಡಬಹುದು: ಕ್ರಿ.ಶ. 50 ಇಲ್ಲವೆ 51. ಅಂದರೆ ಕರ್ತನು ಶಿಲುಬೆಗೆ ಹಾಕಲ್ಪಟ್ಟು ಇಪ್ಪತ್ತು ವರುಷಗಳು ಮಾತ್ರವೇ ಕಳೆದಿದ್ದವು. ಹೊಸ ಒಡಂಬಡಿಕೆಯ ಗ್ರಂಥಗಳಲ್ಲಿ ಮೊಟ್ಟಮೊದಲು ಬರೆಯಲ್ಪಟ್ಟದ್ದು ಇದೇ ಎಂದು ಅನೇಕ ಪಂಡಿತರ ಅಭಿಪ್ರಾಯ. ಹಾಗಾದರೆ ಇಂದು ನಮ್ಮ ಕೈಯಲ್ಲಿರುವ ಕ್ರೈಸ್ತ ಬರಹಗಳಲ್ಲಿ ಅತಿ ಹಳೆಯದಾದ ಪತ್ರಿಕೆಯಲ್ಲಿಯೇ ಸತ್ತವರ ಮನೆಯವರಿಗೆ ಹೇಳಿದ ಆದರಣೆಯ ಮಾತು ಉಂಟು. ಸಭೆಯು ಬರೆಯುವದಕ್ಕೆ ಕೂತಕೂಡಲೇ ಅದರ ಲೇಖನಿಯು ಈ ದುಃಖವನ್ನು ಮುಟ್ಟಬೇಕಾಯಿತು.

ನಿರೀಕ್ಷೆಯಿಲ್ಲದವರು ದುಃಖಿಸುವಂತೆ ನೀವು ದುಃಖಿಸಬಾರದೆಂಬ ಭಾವವನ್ನು ಪೌಲನು ಅಲ್ಲಿ ಬರೆಯುತ್ತಾನೆ. ಆ ಕಾಲದಲ್ಲಿ ಅನ್ಯಜನರು ಹೇಗೆ ದುಃಖಿಸುತ್ತಿದ್ದರು? ಅವರ ಗೋರಿಗಳ ಮೇಲಿನ ಬರಹಗಳು ಈಗಲೂ ಉಳಿದಿವೆ. ತಾನು ಮೊದಲು ಇರಲಿಲ್ಲ, ಆಮೇಲೆ ಇದ್ದೆನು, ಈಗ ಇಲ್ಲ, ಅದರ ಚಿಂತೆಯೂ ತನಗಿಲ್ಲ ಎಂಬ ಅರ್ಥದ ಮಾತು ರೋಮಾಯರ ಎಷ್ಟೋ ಸಮಾಧಿಗಳ ಮೇಲೆ ಕೆತ್ತಲ್ಪಟ್ಟಿತ್ತು. ಅದು ಎಷ್ಟು ವಾಡಿಕೆಯಾಯಿತೆಂದರೆ, ಪ್ರತಿಯೊಂದು ಮಾತಿನ ಮೊದಲಕ್ಷರವನ್ನು ಮಾತ್ರ ಕೆತ್ತಿದರೂ ಓದುವವರಿಗೆ ತಿಳಿಯುತ್ತಿತ್ತು.

ಆದರೆ ಕಲ್ಲಿನ ಮೇಲಿನ ಬಿಂಕದ ಮಾತಿಗಿಂತ ನಮ್ಮ ಮನಸ್ಸನ್ನು ಹೆಚ್ಚಾಗಿ ಕರಗಿಸುವಂಥಾದ್ದು ಒಂದು ಚಿಕ್ಕ ಕಾಗದ. ಐಗುಪ್ತ ದೇಶದಲ್ಲಿ ಆಕ್ಸಿರಿಂಕಸ್ ಎಂಬ ಹಾಳೂರಿನ ತಿಪ್ಪೆದಿಬ್ಬಗಳನ್ನು 1897ರಲ್ಲಿ ಅಗೆಯಲಾಗಿ, ಜಂಬುಹುಲ್ಲಿನ ಹಾಳೆಗಳ ಮೇಲೆ ಬರೆದ ಹಳೆಯ ಪತ್ರಗಳು ರಾಶಿರಾಶಿಯಾಗಿ ಸಿಕ್ಕಿದವು. ಅವುಗಳಲ್ಲಿ ಒಂದನ್ನು ಎರಡನೆಯ ಶತಮಾನದಲ್ಲಿ ಐರೇನೆ ಎಂಬ ಹೆಂಗಸು ಬರೆದಳು. ಆಕೆಯ ಗುರುತಿನವರ ಮನೆಯಲ್ಲಿ ಸಾವು ಸಂಭವಿಸಿತ್ತು. ತಾನು ತನ್ನ ಸತ್ತವನಿಗಾಗಿ ಅತ್ತಂತೆಯೇ ನಿಮ್ಮವನಿಗಾಗಿಯೂ ಅತ್ತೆನೆಂದೂ, ಮಾಡತಕ್ಕದ್ದನ್ನೆಲ್ಲಾ ತಾನೂ ತನ್ನ ಮನೆಯವರೆಲ್ಲರೂ ಮಾಡಿದೆವೆಂದೂ ತಿಳಿಸಿ, ಇಂಥವುಗಳ ಮುಂದೆ ಯಾರಿಂದಲೂ ಏನೂ ಆಗದು, ಆದಕಾರಣ ನಿಮ್ಮೊಳಗೆ ನೀವೇ ಸಂತೈಸಿಕೊಳ್ಳಿರಿ ಎಂದು ಆಕೆ ಮುಗಿಸುತ್ತಾಳೆ. ಪ್ರಿಯರೇ, ಈ ಹೆಂಗಸನ್ನು ಹಳಿಯುವ ಮನಸ್ಸು ನಮಗೆ ಬರುವದಿಲ್ಲ. ಆಕೆ ನಿಜವಾಗಿ ಅತ್ತಿದ್ದಾಳೆ. ನೆರೆಯವರಿಗೆ ಸಲ್ಲತಕ್ಕದ್ದನ್ನು ಸಲ್ಲಿಸಿದ್ದಾಳೆ. ನಮ್ಮ ಸಭೆಗಳಲ್ಲಿ ಕೆಲವರು ಅಷ್ಟನ್ನೂ ಮಾಡುವದಿಲ್ಲ. ಆಕೆಗೆ ಪ್ರೀತಿಯ ಕೊರತೆಯಿರಲಿಲ್ಲ, ಹೇಳುವದಕ್ಕೆ ವಾರ್ತೆಯಿರಲಿಲ್ಲ. ಐರೇನೆ ಎಂಬ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ಸಮಾಧಾನವೆಂದು ಅರ್ಥ! ಸಮಾಧಾನವೆಂಬ ಹೆಸರುಳ್ಳವಳು ಸಮಾಧಾನವನ್ನು ಕೊಡಲಾರದೆ ಕೈಮುಚ್ಚಿಕೊಂಡಳು.

ಈಗ ಪೌಲನ ಪತ್ರಿಕೆಯ ಆ ಭಾಗವು ಹೇಗೆ ಮುಗಿಯುತ್ತದೆಂದು ನಿಮ್ಮ ಸತ್ಯವೇದದಲ್ಲಿ ನೋಡಿರಿ. ಒಬ್ಬರನ್ನೊಬ್ಬರು ಸಂತೈಸಿರೆಂದು ಅವನೂ ಹೇಳುತ್ತಾನೆ. ಐರೇನೆಯ ಮಾತಿಗೂ ಅವನ ಮಾತಿಗೂ ಭೇದವು ಬಹು ಕೊಂಚವೆಂದು ತೋರಬಹುದು. ಆದರೆ ಪೌಲನು, ಈ ಮಾತುಗಳಿಂದ ಸಂತೈಸಿರಿ ಎಂಬ ಅಭಿಪ್ರಾಯವನ್ನು ಕೂಡಿಸುತ್ತಾನೆ. ಆಕೆಯು ಏನೂ ಆಗದೆಂಬ ಕಾರಣದಿಂದ ಸಂತೈಸಿಕೊಳ್ಳಿರೆಂದಳು. ಅವನು, ಆಗಿಹೋದ ಒಂದು ಕಾರ್ಯದ ನಿಮಿತ್ತ ಸಂತೈಸಿರೆಂದನು. ಯೇಸು ಸತ್ತು ಜೀವಿತನಾಗಿ ಎದ್ದಿದ್ದಾನೆ. ಹಾಗಾದರೆ ಆತನಲ್ಲಿ ನಿದ್ದೆಹೋದವರನ್ನು ದೇವರು ಬಿಟ್ಟುಬಿಡನು. ಹಿಂದೆ ಉಳಿದರೆಂದು ನೀವು ಅಳುವವರೇ ಮೊದಲು ಏಳುವರು. ಬಂಡಿಯು ಅವರನ್ನು ಬಿಟ್ಟು ಹೊರಡುವದಿಲ್ಲ.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಅನೇಕ ವರುಷಗಳ ಹಿಂದೆ, ನಾವು ಸಭೆಯ ಸೇವೆಗೆ ಹೊಸಬರಾಗಿದ್ದಾಗ, ಒಂದು ಹಳ್ಳಿಯಲ್ಲಿ ಒಂಬತ್ತು ವರುಷದ ಹುಡುಗನು ಜ್ವರದಿಂದ ತೀರಿಹೋದನು. ತಾಯಿಯು ಎದೆಯನ್ನು ಬಡಿದುಕೊಂಡು ಗಟ್ಟಿಯಾಗಿ ಅಳುತ್ತಿದ್ದಳು. ನಾವು ಅವಳ ಬಳಿಗೆ ಹೋಗಿ, ಕ್ರೈಸ್ತರು ಹೀಗೆ ಅಳಬಾರದು, ಅನ್ಯರು ನೋಡಿದರೆ ನಮ್ಮ ವಿಶ್ವಾಸಕ್ಕೆ ಕುಂದು ಬರುವದು ಎಂದು ಹೇಳಿದೆವು. ಆಕೆಯು ಕೂಡಲೇ ಸೆರಗನ್ನು ಬಾಯಿಗೆ ತುರುಕಿಕೊಂಡು ಸುಮ್ಮನಾದಳು. ನಾವು ನಮ್ಮ ಉಪದೇಶವು ಫಲಿಸಿತೆಂದು ನೆನಸಿ ಮನೆಗೆ ಬಂದೆವು. ಆ ದಿವಸ ನಾವು ವೇದವಾಕ್ಯದ ಅರ್ಧವನ್ನು ಮಾತ್ರ ಓದಿದವರಾಗಿದ್ದೆವು. ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿರೆಂದು ಪೌಲನು ಹೇಳಿದನೇ ಹೊರತು ದುಃಖಿಸಲೇಬೇಡಿರೆಂದು ಹೇಳಲಿಲ್ಲ. ಬೇಥಾನ್ಯದಲ್ಲಿ ಲಾಜರನ ಗೋರಿಯ ಬಳಿಯಲ್ಲಿ ಕರ್ತನೇ ಕಣ್ಣೀರು ಬಿಟ್ಟನು. ಇನ್ನು ಸ್ವಲ್ಪ ಹೊತ್ತಿನಲ್ಲಿ ಅವನನ್ನು ಎಬ್ಬಿಸುವೆನೆಂದು ಬಲ್ಲವನಾಗಿಯೂ ಅತ್ತನು. ಸ್ತೆಫನನನ್ನು ಹೂಣಿಟ್ಟ ಭಕ್ತರು ಅವನಿಗಾಗಿ ಬಹಳವಾಗಿ ಗೋಳಾಡಿದರೆಂದು ಅಪೊಸ್ತಲರ ಕೃತ್ಯಗಳಲ್ಲಿ ಬರೆದದೆ. ಅವರಿಗೇನು ವಿಶ್ವಾಸವಿರಲಿಲ್ಲವೋ? ಕ್ರೈಸ್ತನಿಗೆ ಮರಣವು ಶತ್ರುವೇ. ಕಡೆಯ ಶತ್ರುವೆಂದು ಪೌಲನು ಅದನ್ನು ಹೆಸರಿಟ್ಟು ಕರೆದಿದ್ದಾನೆ. ಶತ್ರುವು ಮನೆಯನ್ನು ಹೊಕ್ಕಾಗ ಅಳುವದು ಅವಿಶ್ವಾಸವಲ್ಲ. ಆ ತಾಯಿಯ ಮಾತನ್ನು ಮುಂದೆ ಹೇಳುವೆವು.

ಇನ್ನು, ಈ ನಿರೀಕ್ಷೆ ಎಂಬುವದೇನು? ಇದರಲ್ಲಿ ನಮ್ಮ ಜನರು ಅನೇಕಾವರ್ತಿ ತಪ್ಪಾಗಿ ಎಣಿಸುವದುಂಟು. ದೇಹವು ಹಳೆಯ ಬಟ್ಟೆಯಂತೆ ಬಿದ್ದುಹೋದರೂ ಆತ್ಮಕ್ಕೆ ಸಾವಿಲ್ಲವೆಂಬ ಬೋಧನೆಯನ್ನು ನಾವೆಲ್ಲರೂ ಹುಟ್ಟೂರಿನ ಕಟ್ಟೆಯ ಮೇಲೆ ಕೇಳಿದವರೇ. ಗ್ರೀಕರ ಜ್ಞಾನಿಗಳಲ್ಲಿಯೂ ಅನೇಕರು ಅದನ್ನು ಕಲಿಸಿದರು. ಪೌಲನು ಅಥೇನೆಯಲ್ಲಿ ಆತ್ಮವು ಸಾಯದೆಂದು ಮಾತ್ರ ಹೇಳಿ ನಿಲ್ಲಿಸಿದ್ದರೆ ಅಲ್ಲಿದ್ದ ಕೆಲವರು ತಲೆದೂಗುತ್ತಿದ್ದರೋ ಏನೋ. ಸತ್ತವರು ಏಳುವರೆಂದು ಕೇಳಿದಾಗಲೇ ಅವರು ನಗುವದಕ್ಕೆ ತೊಡಗಿದರು. ನಮ್ಮ ನಿರೀಕ್ಷೆಯು ಈ ನಗುವನ್ನು ಹೊತ್ತುಕೊಂಡು ಬಂದದ್ದು. ಹೊಲದಲ್ಲಿ ಬಗ್ಗಿ ಕಳೆ ಕಿತ್ತ ಬೆನ್ನು, ಮಗ್ಗದ ಮುಂದೆ ಸವೆದ ಬೆರಳು, ಯಾರೂ ಮುಟ್ಟಲೊಲ್ಲದ ಮೈ ಎಂದು ಊರವರು ದೂರ ನಿಲ್ಲಿಸಿದ ಮೈ, ಇವುಗಳನ್ನು ದೇವರು ಬೇಡವೆಂದು ಎಸೆಯುವದಿಲ್ಲ. ಉಂಟುಮಾಡಿದಾತನು ಅವುಗಳ ಲೆಕ್ಕವನ್ನು ಇಟ್ಟಿದ್ದಾನೆ. ಬಡವನ ದೇಹಕ್ಕೆ ಇಷ್ಟು ಮರ್ಯಾದೆಯನ್ನು ಕೊಟ್ಟ ಬೋಧನೆಯನ್ನು ನಾವು ಬೇರೆಲ್ಲಿಯೂ ಕೇಳಲಿಲ್ಲ.

ಹಾಗಾದರೆ ಇದೇ ದೇಹವು ಹೀಗೆಯೇ ಏಳುವದೋ? ಕುಂಟನು ಕುಂಟನಾಗಿ, ಕುಷ್ಠಿಯು ಕುಷ್ಠಿಯಾಗಿ ಏಳುವನೋ ಎಂದು ಒಂದು ಕೂಟದಲ್ಲಿ ನಮ್ಮನ್ನು ಕೇಳಿದರು. ಒಳ್ಳೇ ಪ್ರಶ್ನೆ, ಕೊರಿಂಥದವರೂ ಇದನ್ನು ಕೇಳಿದ್ದರು. ಬಯಲುಸೀಮೆಯ ಒಕ್ಕಲಿಗರಿಗೆ ಇದರ ಉತ್ತರವು ಸುಲಭವಾಗಿ ತಿಳಿದೀತು. ಜೋಳವನ್ನು ನೆಲದೊಳಗೆ ಹಾಕುವದಕ್ಕೆ ಎರಡು ವಿಧಗಳಿವೆಯಷ್ಟೆ. ಸುಗ್ಗಿಯಾದ ಮೇಲೆ ನಮ್ಮ ಹಿರಿಯರು ಹಗೇವನ್ನು ತೋಡಿ, ಒಳಗೆ ಹುಲ್ಲು ಹಾಸಿ, ಜೋಳವನ್ನು ತುಂಬಿ ಬಾಯಿಯನ್ನು ಮಣ್ಣಿನಿಂದ ಮುಚ್ಚುತ್ತಿದ್ದರು. ಬೇಕಾದಾಗ ತೆಗೆದರೆ ಹಾಕಿದ ಕಾಳೇ ಹೊರಗೆ ಬರುವದು. ಹೆಚ್ಚಲಾರದು, ಮುಗ್ಗಾದರೂ ಆದೀತು, ಕಡೆಗೆ ತಿಂದು ತೀರುವದು. ಹಿಂಗಾರಿಯಲ್ಲಿ ಕೂರಿಗೆಯಿಂದ ಬಿತ್ತಿದ ಕಾಳೂ ಮಣ್ಣಿನೊಳಗೇ ಹೋಗುವದು. ಆದರೆ ಬಿತ್ತಿದ ಕಾಳು ಆಳೆತ್ತರದ ದಂಟಾಗಿ, ತೆನೆಹೊತ್ತು ನಿಲ್ಲುವದು. ಕಾಳನ್ನು ನೋಡಿದವನು ಅದರಿಂದ ಇಂಥ ಪೈರು ಬಂದೀತೆಂದು ಊಹಿಸಲಾರನು. ಆದರೂ ಜೋಳವನ್ನು ಬಿತ್ತಿದಲ್ಲಿ ಜೋಳವೇ ಬರುವದು, ಸಜ್ಜೆಯು ಬಾರದು.

ಲಾಜರನು ಎದ್ದದ್ದು ಹಗೇವಿನಿಂದ ಕಾಳು ಬಂದ ಹಾಗೆ. ಕೈಕಾಲುಗಳಿಗೆ ಸುತ್ತಿದ ಬಟ್ಟೆಗಳೊಡನೆ ಬಂದನು, ಬೇರೆಯವರು ಬಿಚ್ಚಬೇಕಾಯಿತು, ಅವನು ತಿರುಗಿ ಒಂದು ದಿವಸ ಸಾಯಲೇ ಬೇಕಾಗಿತ್ತು. ಕರ್ತನು ಎದ್ದದ್ದು ಬಿತ್ತಿದ ಕಾಳಿನ ಹಾಗೆ. ಪೇತ್ರನು ಗೋರಿಯೊಳಗೆ ಹೊಕ್ಕು ನೋಡಿದಾಗ ನಾರುಬಟ್ಟೆಗಳು ಅಲ್ಲೇ ಬಿದ್ದಿದ್ದವು, ತಲೆಗೆ ಸುತ್ತಿದ್ದ ವಸ್ತ್ರವು ಬೇರೆಯಾಗಿ ಸುತ್ತಿಟ್ಟಿತ್ತು. ಮರಣದ ಬಟ್ಟೆಯು ಆತನಿಗೆ ಇನ್ನು ಬೇಡವಾಗಿತ್ತು. ಆದರೂ ಎದ್ದವನು ಮತ್ತೊಬ್ಬನಲ್ಲ, ಆ ಯೇಸುವೇ. ನಮಗೆ ವಾಗ್ದಾನವಾಗಿರುವದು ಲಾಜರನ ಏಳುವಿಕೆಯಲ್ಲ, ಕರ್ತನ ಏಳುವಿಕೆ. ಆದಕಾರಣ ಕುಷ್ಠಿಯ ಕುಷ್ಠವು ಗೋರಿಯಲ್ಲಿಯೇ ಉಳಿಯುವದು, ಕುಷ್ಠದೊಳಗೆ ನರಳಿದ ನಮ್ಮ ಸಹೋದರನು ಉಳಿಯನು.

ಒಂದು ಗಾಯ ಮಾತ್ರ ಉಳಿಯಿತು. ಪುನರುತ್ಥಾನದ ದಿನದ ಸಾಯಂಕಾಲದಲ್ಲಿ ಶಿಷ್ಯರು ಹೆದರಿ ಬಾಗಿಲುಗಳನ್ನು ಮುಚ್ಚಿಕೊಂಡು ಕೂತಿದ್ದಾಗ ಕರ್ತನು ನಡುವೆ ಬಂದು ನಿಂತು ಸಮಾಧಾನವನ್ನು ಹೇಳಿ, ಒಡನೆ ತನ್ನ ಕೈಗಳನ್ನೂ ಪಕ್ಕೆಯನ್ನೂ ತೋರಿಸಿದನೆಂದು ಯೋಹಾನನು ಬರೆದಿದ್ದಾನೆ. ಸಮಾಧಾನದ ಮಾತೂ ಗಾಯದ ಗುರುತೂ ಒಟ್ಟಿಗೆ ಬಂದವು. ನೋವು ಎಂದೂ ಆಗಲಿಲ್ಲವೆಂದು ಮರೆಯಿಸುವ ಸಮಾಧಾನವು ನಮಗೆ ದೊರೆತದ್ದಲ್ಲ. ನೋವು ಆಯಿತು, ಅದು ಆತನನ್ನು ಹಿಡಿದುಕೊಳ್ಳಲಾರದೆ ಹೋಯಿತು. ಬಾಗಿಲು ಮುಚ್ಚಿಕೊಂಡಿದ್ದ ಆ ಮಂದಿಯೇ ಕೆಲವು ವಾರಗಳಾದ ಮೇಲೆ ಯೆರೂಸಲೇಮಿನ ಬೀದಿಯಲ್ಲಿ ನಿಂತು ಧೈರ್ಯದಿಂದ ಸಾರಿದರು. ಕಾಯಿದೆಪುಸ್ತಕವನ್ನು ಬಲ್ಲವರು ಸಾಕ್ಷಿಗಳನ್ನು ಕೇಳುವರಷ್ಟೆ. ಪೌಲನು ಕೊರಿಂಥದವರಿಗೆ ಬರೆಯುವಾಗ, ಎದ್ದ ಕರ್ತನನ್ನು ಒಮ್ಮೆಲೇ ಕಂಡ ಐನೂರಕ್ಕೆ ಹೆಚ್ಚು ಸಹೋದರರಲ್ಲಿ ಬಹು ಮಂದಿ ಇನ್ನೂ ಬದುಕಿದ್ದಾರೆಂದು ತಿಳಿಸಿದನು. ಬೇಕಾದವರು ಹೋಗಿ ಕೇಳಬಹುದಾಗಿತ್ತು.

ಇಷ್ಟೆಲ್ಲಾ ನಿಜವಾದರೂ, ನಮ್ಮ ಸಭೆಗಳ ಅನೇಕರ ಎದೆಯಲ್ಲಿ ಒಂದು ಮುಳ್ಳು ಮುರಿದುಕೊಂಡಿದೆ. ನಮ್ಮ ಅಪ್ಪನವರು, ನಮ್ಮ ಅಜ್ಜಿಯು, ಸುವಾರ್ತೆಯನ್ನು ಕೇಳದೆ ತೀರಿಹೋದರಲ್ಲಾ, ಅವರ ಗತಿಯೇನು? ವರುಷಕ್ಕೊಮ್ಮೆ ತಿಥಿಯ ದಿವಸ ನೆಂಟರು ಬಂದು, ಮಗನು ಮತ ಬಿಟ್ಟದ್ದರಿಂದ ಮುದುಕನು ಹಸಿದಿದ್ದಾನೆಂದು ಮೂದಲಿಸುವದನ್ನು ನೀವು ಕೇಳಿದ್ದೀರಿ. ಕೆಲವರು ಈ ಮಾತನ್ನು ತಾಳಲಾರದೆ ಗುಟ್ಟಾಗಿ ಎಡೆಯನ್ನು ಇಟ್ಟು ಬಂದು, ಆಮೇಲೆ ಸಭೆಯಲ್ಲಿ ಕಣ್ಣೆತ್ತಲಾರದೆ ಕೂತುಕೊಳ್ಳುತ್ತಾರೆ. ಅವರ ಮೇಲೆ ಕೋಪಿಸುವದಕ್ಕೆ ಮುಂಚೆ ಅವರ ಪಿತೃಪ್ರೀತಿಯನ್ನು ತಿಳಿಯಬೇಕು. ನಮ್ಮಲ್ಲಿ ಕೆಲವು ಬೋಧಕರು ಸತ್ತುಹೋದ ಹಿರಿಯರ ಮೇಲೆ ತಾವೇ ತೀರ್ಪು ಬರೆದು ಓದಿಬಿಡುವದುಂಟು. ಆ ಅಧಿಕಾರವನ್ನು ಅವರಿಗೆ ಯಾರು ಕೊಟ್ಟರೋ ನಾವರಿಯೆವು. ಸರ್ವಲೋಕದ ನ್ಯಾಯಾಧಿಪತಿಯು ಅನ್ಯಾಯವನ್ನು ಮಾಡುವನೋ ಎಂದು ಅಬ್ರಹಾಮನು ದೇವರ ಮುಂದೆಯೇ ಕೇಳಿದನು. ದೇವರು ಆ ಮಾತಿಗೆ ಸಿಟ್ಟಾಗಲಿಲ್ಲ. ನಿಮ್ಮ ತಂದೆಯನ್ನು ಉಂಟುಮಾಡಿದವನು ನಿಮಗಿಂತ ಕಡಿಮೆಯಾಗಿ ಅವನನ್ನು ಪ್ರೀತಿಸುವವನಲ್ಲ. ಅವರನ್ನು ಆತನ ಕೈಯಲ್ಲಿ ಬಿಡಿರಿ. ಅಲ್ಲಿ ಬಿಡುವದಕ್ಕೆ ನಿಮಗೆ ಧೈರ್ಯವು ಬಂದರೆ, ಎಡೆಯಿಡುವದಕ್ಕೆ ಕತ್ತಲೆಯಲ್ಲಿ ಹೋಗಬೇಕಾದ ಅಗತ್ಯವಿರದು.

ಉತ್ತರಕ್ರಿಯೆಯು ಸರಿಯಾಗಲಿಲ್ಲವೆಂಬ ಭಯವು ಇದಕ್ಕೆ ಸೇರಿದ್ದೇ. 1898ರಲ್ಲಿ ಹುಬ್ಬಳ್ಳಿ ಧಾರವಾಡದ ಸೀಮೆಯಲ್ಲಿ ಪ್ಲೇಗು ಹಬ್ಬಿದಾಗ, 1918ರಲ್ಲಿ ವಿಷಮಶೀತಜ್ವರವು ದೇಶವನ್ನೆಲ್ಲಾ ಬಡಿದಾಗ, ಈಚೆಗೆ 2020, 2021ನೇ ವರುಷಗಳಲ್ಲಿ ಕೊರೋನ ರೋಗವು ಬಂದಾಗ, ಎಷ್ಟೋ ಮಂದಿಯನ್ನು ಸ್ನಾನಮಾಡಿಸದೆ, ಮುಖವನ್ನು ನೋಡಗೊಡಿಸದೆ, ಅವಸರದಿಂದ ಮಣ್ಣಿಗೆ ಹಾಕಬೇಕಾಯಿತು. ನಮ್ಮ ಯಜಮಾನರನ್ನು ನಾಲ್ಕು ಮಂದಿ ಗುರುತಿಲ್ಲದವರು ಹೊತ್ತರು, ಒಂದು ಕೀರ್ತನೆಯನ್ನಾದರೂ ಹಾಡಲಿಲ್ಲ ಎಂದು ಇಂದಿಗೂ ಅಳುವ ಹೆಂಗಸರನ್ನು ನಾವು ಬಲ್ಲೆವು. ಸಹೋದರಿಯರೇ, ಕರ್ತನ ಸ್ವಂತ ಹೂಣಿಕೆಯು ಹೇಗಾಯಿತೆಂದು ನೆನಪುಮಾಡಿಕೊಳ್ಳಿರಿ. ಸಬ್ಬತ್ತು ಹತ್ತಿರವಾಗಿದ್ದದರಿಂದ ಅದು ಅವಸರದ ಹೂಣಿಕೆ. ಶಿಷ್ಯರು ಚದರಿಹೋಗಿದ್ದರು. ಗೋರಿಯು ಬೇರೆಯವರದು. ಸ್ತ್ರೀಯರು ಸುಗಂಧದ್ರವ್ಯಗಳನ್ನು ಸಿದ್ಧಮಾಡಿದರೂ ಹಚ್ಚುವದಕ್ಕೆ ಹೊತ್ತಿರಲಿಲ್ಲ; ಉಳಿದುಹೋದ ಆ ಕೆಲಸವನ್ನು ತೀರಿಸುವದಕ್ಕೆಂದೇ ಅವರು ಆದಿತ್ಯವಾರದ ಮುಂಜಾನೆ ಹೋದರು. ತೀರಿಸುವದಕ್ಕೆ ಅವರಿಗೆ ಏನೂ ಇರಲಿಲ್ಲ. ಅರ್ಧವಾಗಿ ಉಳಿದ ಕ್ರಿಯೆಯು ಕರ್ತನು ಏಳುವದನ್ನು ತಡೆಯಲಿಲ್ಲ. ನಿಮ್ಮ ಯಜಮಾನರು ಏಳುವದನ್ನೂ ತಡೆಯದು.

ಹೀಗೆಂದು ಹೂಣಿಡುವ ವಿಷಯದಲ್ಲಿ ಅಸಡ್ಡೆಯಾಗಿರಬಹುದೆಂದು ಯಾರೂ ತಿಳಿಯಬಾರದು. ಏಳುವದಕ್ಕಿರುವ ದೇಹವನ್ನು ಮರ್ಯಾದೆಯಿಂದ ಮಲಗಿಸಬೇಕು. ಮೊದಲನೆಯ ಕ್ರೈಸ್ತರು ಸಮಾಧಿಯ ನೆಲಕ್ಕೆ ಗ್ರೀಕ್ ಭಾಷೆಯಲ್ಲಿ ಮಲಗುವ ಸ್ಥಳವೆಂಬ ಹೆಸರನ್ನಿಟ್ಟರು. ಇಂಗ್ಲಿಷಿನವರು ಸಮಾಧಿಸ್ಥಾನಕ್ಕೆ ಹೇಳುವ ಸೆಮೆಟರಿ ಎಂಬ ಮಾತು ಅದರಿಂದಲೇ ಬಂದದ್ದು. ಸುಮಾರು ಕ್ರಿ.ಶ. 197ರಲ್ಲಿ ಕಾರ್ಥೇಜಿನ ತೆರ್ತುಲ್ಯನು, ಸಭೆಯವರು ತಿಂಗಳಿಗೊಮ್ಮೆ ಪೆಟ್ಟಿಗೆಗೆ ಹಾಕುವ ಹಣದಿಂದ ಬಡವರಿಗೆ ಊಟವನ್ನೂ ಹೂಣಿಕೆಯನ್ನೂ ನಡಿಸುತ್ತಾರೆಂದು ಬರೆದನು. ಕ್ರಿ.ಶ. 361ರಿಂದ 363ರ ವರೆಗೆ ಆಳಿದ ಯೂಲ್ಯಾನನೆಂಬ ಚಕ್ರವರ್ತಿಯು ಕ್ರೈಸ್ತಮತವನ್ನು ಬಿಟ್ಟು ಹಳೆಯ ದೇವತೆಗಳ ಪೂಜೆಯನ್ನು ತಿರುಗಿ ಸ್ಥಾಪಿಸಲು ಪ್ರಯತ್ನಿಸಿದವನು. ಅವನೇ ತನ್ನ ಪೂಜಾರಿಗಳ ಮುಖ್ಯಸ್ಥನಿಗೆ ಬರೆದ ಪತ್ರದಲ್ಲಿ, ಪರದೇಶಿಗಳಿಗೆ ಮಾಡುವ ಉಪಕಾರದಿಂದಲೂ ಸತ್ತವರ ಗೋರಿಗಳ ಜಾಗ್ರತೆಯಿಂದಲೂ ಈ ಕ್ರೈಸ್ತರು ಹೆಚ್ಚಿದರೆಂದು ಒಪ್ಪಿಕೊಳ್ಳಬೇಕಾಯಿತು. ಹಗೆಯ ಬಾಯಿಂದ ಬಂದ ಸಾಕ್ಷಿಯು ಬೆಲೆಯುಳ್ಳದ್ದು.

ನಮ್ಮ ಹಳ್ಳಿಗಳಲ್ಲಿ ಏನು ನಡಿಯುತ್ತದೆ? ಸತ್ತವನನ್ನು ಹೂಣಿಟ್ಟ ಮೂರನೆಯ ದಿವಸದೊಳಗೆ ಮನೆಯವರು ಸಾಲಗಾರನ ಬಾಗಿಲಿಗೆ ಹೋಗುತ್ತಾರೆ. ಊರೂಟಕ್ಕೆ ಅಕ್ಕಿ, ನೆಂಟರಿಗೆ ಬಟ್ಟೆ, ಕಲ್ಲಿಗೆ ಹಣ. ಹಿಂದಿನ ಕ್ರಿಯೆಗಳನ್ನು ಬಿಟ್ಟೆವೆಂದು ಹೇಳಿಕೊಂಡು, ಹಿಂದಿನ ಖರ್ಚನ್ನು ಮಾತ್ರ ಬಿಡದೆ ಇಟ್ಟುಕೊಂಡೆವು! ಪುನರುತ್ಥಾನವನ್ನು ನಂಬುವ ಮನೆಯ ಎತ್ತುಗಳು ಹೂಣಿಕೆಯ ಸಾಲಕ್ಕೆ ಮಾರಲ್ಪಡುವದು ನಾಚಿಕೆಯ ಸಂಗತಿ. ಪೌಲನು ಕೊರಿಂಥದವರಿಗೆ ಪುನರುತ್ಥಾನದ ದೊಡ್ಡ ಅಧ್ಯಾಯವನ್ನು ಬರೆದು ಮುಗಿಸಿದೊಡನೆ, ಮುಂದಿನ ಸಾಲಿನಲ್ಲಿಯೇ ಬಡವರಿಗಾಗಿ ಹಣ ಕೂಡಿಸುವ ಮಾತನ್ನು ಎತ್ತುತ್ತಾನೆ. ಪ್ರತಿ ಸಭೆಯಲ್ಲಿಯೂ ಇದಕ್ಕಾಗಿ ಒಂದು ಪೆಟ್ಟಿಗೆಯನ್ನಿಟ್ಟು, ಮನೆಗೆ ಇಷ್ಟೆಂದು ಗೊತ್ತುಮಾಡಿ, ಬಡವನಿಗೂ ಉಳ್ಳವನಿಗೂ ಒಂದೇ ವಿಧವಾದ ಹೂಣಿಕೆಯಾಗುವಂತೆ ಹಿರಿಯರು ಯಾಕೆ ಏರ್ಪಡಿಸಬಾರದು? ಸತ್ತವರ ಮನೆಯವರು ನೆಂಟರಿಗೆ ಉಣಬಡಿಸುವದನ್ನು ನಿಲ್ಲಿಸಿ, ಸಭೆಯವರು ಆ ಮನೆಗೆ ಮೂರು ದಿವಸ ಗಂಜಿಯನ್ನು ಕಳುಹಿಸುವದು ಒಳ್ಳೇದು.

ಜರ್ಮನಿಯಲ್ಲಿ ಸಾಕ್ಸೊನಿ ಸೀಮೆಯ ಹೆರ್ನ್‌ಹೂಟ್ ಎಂಬ ಊರಿನ ಸಭೆಯ ವಿಷಯವನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಮತದ ನಿಮಿತ್ತ ಸ್ವದೇಶವನ್ನು ಬಿಟ್ಟು ಬಂದ ಮೊರಾವ್ಯದ ಬಡ ಕಸಬುದಾರರು ಅಲ್ಲಿ ನೆಲೆಯಾಗಿದ್ದರು. 1732ನೇ ವರುಷದ ಪುನರುತ್ಥಾನದ ಹಬ್ಬದಲ್ಲಿ ಅವರ ಯೌವನಸ್ಥರು ಸೂರ್ಯನು ಹುಟ್ಟುವ ಮುಂಚೆ ಗುಡ್ಡದ ಮೇಲಿನ ಸಮಾಧಿಸ್ಥಾನಕ್ಕೆ ಹೋಗಿ, ತಮ್ಮವರ ಗೋರಿಗಳ ನಡುವೆ ನಿಂತು ಹಾಡಿದರು. ಹಬ್ಬದ ಮುಂಜಾನೆಯಲ್ಲಿ ಸಮಾಧಿಗಳ ಬಳಿ ಆರಾಧನೆ ನಡಿಸುವ ಪದ್ಧತಿಯು ಅಲ್ಲಿಂದ ಅನೇಕ ದೇಶಗಳಿಗೆ ಹಬ್ಬಿತು. ನಮ್ಮ ಕೆಲವು ಸಭೆಗಳಲ್ಲಿಯೂ ಉಂಟು. ಆ ಸಮಾಧಿಸ್ಥಾನದಲ್ಲಿ ಕಲ್ಲುಗಳು ಹೆಚ್ಚಾಗಿ ನೆಲಕ್ಕೆ ಸಮನಾಗಿ ಮಲಗಿಸಿದವು, ಸತ್ತ ಕ್ರಮದಲ್ಲಿ ಒಬ್ಬರ ಪಕ್ಕದಲ್ಲೊಬ್ಬರು. ಮನೆತನವನ್ನೂ ಐಶ್ವರ್ಯವನ್ನೂ ನೋಡಿ ಸ್ಥಳ ಕೊಡುವದು ಸಾಮಾನ್ಯ ವಾಡಿಕೆಯಾಗಿರಲಿಲ್ಲ. ಗೋರಿಗಳ ನಡುವೆ ಹಾಡಿದ ಆ ವರುಷದಲ್ಲಿಯೇ, ಆಗೋಸ್ತು ತಿಂಗಳಲ್ಲಿ, ಆ ಸಭೆಯ ಇಬ್ಬರು ದೂರದ ದ್ವೀಪದಲ್ಲಿದ್ದ ಗುಲಾಮರಿಗೆ ಸುವಾರ್ತೆಯನ್ನು ಹೇಳುವದಕ್ಕೆ ಕಾಲ್ನಡೆಯಾಗಿ ಹೊರಟರು. ಒಬ್ಬನು ಕುಂಬಾರ, ಇನ್ನೊಬ್ಬನು ಬಡಗಿ. ನಮ್ಮ ದೇಶದಲ್ಲಿಯೋ, ಸತ್ತವರ ನಡುವೆಯೂ ಹಿಂದಿನ ಜಾತಿಯ ಗೆರೆಯನ್ನು ಎಳೆದು, ಇವರಿಗೆ ಈ ಮೂಲೆ, ಅವರಿಗೆ ಆ ಮೂಲೆ ಎಂದು ಗೋಡೆ ಕಟ್ಟಿದ ಸಭೆಗಳಿವೆ. ಕಡೆಯ ತುತೂರಿಯು ಊದುವಾಗ ಎರಡು ಸಾರಿ ಊದಬೇಕೆಂದು ಅವರ ಎಣಿಕೆಯೋ ಏನೋ.

ಇನ್ನು ಆ ತಾಯಿಯ ಸಂಗತಿ. ನಾವು ಅವಳ ಬಾಯಿಯನ್ನು ಮುಚ್ಚಿಸಿದ ಮೇಲೆ ಆಕೆ ಆ ಮಗನ ಹೆಸರನ್ನು ಮನೆಯಲ್ಲಿ ಎತ್ತಲೇ ಇಲ್ಲವೆಂದು ಬಹು ವರುಷಗಳ ತರುವಾಯ ಆಕೆಯ ಹಿರೀ ಮಗಳಿಂದ ತಿಳಿದೆವು. ಈಗ ಆಕೆ ಮುದುಕಿ. ಕಳೆದ ಚಳಿಗಾಲದಲ್ಲಿ ನಾವು ಆ ಊರಿಗೆ ಹೋದಾಗ ಆಕೆಯ ಮನೆಯ ಪಡಸಾಲೆಯಲ್ಲಿ ಕೂತು, ಅಂದು ಹೇಳಿದ ಮಾತಿಗಾಗಿ ಕ್ಷಮೆಯನ್ನು ಕೇಳಿದೆವು. ಆಕೆ ಬಹಳ ಹೊತ್ತು ಅವರೆಕಾಯಿಯನ್ನು ಸುಲಿಯುತ್ತಾ ಇದ್ದು, “ಅಯ್ಯನವರೇ, ಅದನ್ನು ಬಿಡಿರಿ. ನನಗೆ ಬೇರೆ ಒಂದು ಚಿಂತೆ ಉಂಟು. ಅವನು ಹೋಗುವಾಗ ನನ್ನ ಕೂದಲು ಕಪ್ಪಾಗಿತ್ತು. ಈಗ ಹಲ್ಲೂ ಇಲ್ಲ, ಬೆನ್ನೂ ಬಾಗಿತು. ಆ ದಿವಸದಲ್ಲಿ ನನ್ನ ಮಗನಿಗೆ ನನ್ನ ಗುರುತು ಹತ್ತೀತೋ?” ಎಂದು ಕೇಳಿದಳು.

ನಾವು ಮಗ್ದಲದ ಮರಿಯಳ ಕಥೆಯನ್ನು ಓದಿದೆವು. ಆಕೆ ಎದ್ದ ಕರ್ತನನ್ನು ಕಣ್ಣಾರೆ ಕಂಡರೂ ತೋಟಗಾರನೆಂದು ನೆನಸಿದಳು. ಮುಖದಿಂದ ಗುರುತು ಹತ್ತಲಿಲ್ಲ. ಆತನು ಹೆಸರಿಟ್ಟು ಕರೆದಾಗ ಹತ್ತಿತು. ಕರೆಯುವಾತನಿಗೆ ತಾಯಿಯ ಹೆಸರೂ ಮಗನ ಹೆಸರೂ ಗೊತ್ತಿರುವದೆಂದು ಹೇಳಿದೆವು. ಆಕೆಯು ಅವರೆಕಾಯಿಯ ಮೊರವನ್ನು ಪಕ್ಕಕ್ಕಿಟ್ಟು, ಮಗನ ಹೆಸರನ್ನು ಒಂದು ಸಾರಿ ಮೆಲ್ಲಗೆ ಹೇಳಿದಳು, ಮತ್ತೊಂದು ಸಾರಿ ಸ್ವಲ್ಪ ಗಟ್ಟಿಯಾಗಿ ಹೇಳಿದಳು, ಆಮೇಲೆ ಅತ್ತಳು. ನಾವು ಈ ಸಾರಿ ಅವಳನ್ನು ತಡೆಯಲಿಲ್ಲ.

ಪುನರುತ್ಥಾನದ ಹಬ್ಬದ ಹಿಂದಿನ ಶನಿವಾರ ಸಭೆಯವರು ಸಮಾಧಿಸ್ಥಾನದ ಹುಲ್ಲನ್ನು ಕೀಳುವದಕ್ಕೆ ಕೂಡಿದಾಗ, ಆಕೆ ಮೊಮ್ಮಗನ ಕೈ ಹಿಡುಕೊಂಡು ಬಂದಳೆಂದು ಅಲ್ಲಿಯ ಉಪದೇಶಿಗಳು ನಮಗೆ ಬರೆದಿದ್ದಾರೆ. ಹುಡುಗನು ಚಿಕ್ಕ ಗೋರಿಗೆ ಸುಣ್ಣವನ್ನು ಬಳಿದನು. ಅದು ಒಣಗುವ ವರೆಗೂ ಆಕೆ ಬೇವಿನ ಮರದ ನೆರಳಲ್ಲಿ ಕೂತಿದ್ದು, ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹೇಳಿಕೊಟ್ಟು, ಕಾವಿಯಿಂದ ಅವನ ಕೈಯಲ್ಲಿ ಬರೆಯಿಸಿದಳು.